ಆಯ್ದ ಹಾಡುಗಳಲ್ಲಿ ಸಿಗದ ಕದ್ರಿ

ಕದ್ರಿ ಗೋಪಾಲನಾಥರ ಜನಪ್ರಿಯ ವಾದನಗಳನ್ನು ಆಯ್ದು ಕೂಡಿಸಿದ ಸಂಕಲನಗಳು ನಮ್ಮ ಕರಾವಳಿಯ ಮನೆಗಳಿಗೆ ಹೊಸತಲ್ಲ. ಮೊದಲು ಕ್ಯಾಸೆಟ್ಟಿನಲ್ಲಿ, ಬಳಿಕ ಸಿ.ಡಿ.ಯಲ್ಲಿ, ಈಗ ಮೊಬೈಲಿನಲ್ಲಿ ಅವು ನಮ್ಮೊಡನಿವೆ. ಹೂಡೆಯಿಂದ ಕೋಡಿ ಬೆಂಗ್ರೆಗೆ, ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ ನೋಡುತ್ತಾ ಕಾರಿನಲ್ಲಿ ಸಾಗುವಾಗ ಕೇಳಲು ಅವು ಹಿತವೇ. ಆದರೆ ಇಷ್ಟನ್ನೇ ಕೇಳಿ ಕದ್ರಿಯವರನ್ನು ಬಲ್ಲೆವೆಂದುಕೊಂಡರೆ ಅವರಿಗೆ ಅನ್ಯಾಯವಾದೀತು.

ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಸ್ಯಾಕ್ಸೋಫೋನ್ ಮೊದಲು ಸೈನಿಕ ಬ್ಯಾಂಡುಗಳಲ್ಲಿ ಮೊಳಗಿತು, ಆಮೇಲೆ ಜಾಝ್ ಸಂಗೀತದ ಕೊರಳಾಯಿತು. ನಮ್ಮ ಸಾಂತ್‌ಮಾರಿ ಹಬ್ಬಗಳಿಗೂ ಮದುವೆಗಳಿಗೂ ಅದು ಬಂದದ್ದು ಬ್ಯಾಂಡಿನವರ ಕೈಹಿಡಿದೇ. ನಾಗಸ್ವರ ವಿದ್ವಾಂಸ ತನಿಯಪ್ಪನವರ ಮಗನಾಗಿ 1949ರಲ್ಲಿ ಜನಿಸಿದ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮಾರುಹೋದರು.

ನಾಗಸ್ವರದ ರಂಧ್ರಗಳು ತೆರೆದಿರುತ್ತವೆ. ಬೆರಳನ್ನು ಅರ್ಧ ಸರಿಸಿ ಸ್ವರದಿಂದ ಸ್ವರಕ್ಕೆ ಜಾರಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಲೋಹದ ಕೀಲಿಗಳಿವೆ; ಅದು ಮೆಟ್ಟಿಲು ಮೆಟ್ಟಿಲಾಗಿ ನುಡಿಯುವ ವಾದ್ಯ. ಕರ್ನಾಟಕ ಸಂಗೀತಕ್ಕೋ ಗಮಕವೇ ಪ್ರಾಣ. ತುಟಿಯ ಒತ್ತಡ ಮತ್ತು ಉಸಿರಿನ ಹದದಿಂದ ಆ ಮೆಟ್ಟಿಲುಗಳನ್ನು ಕರಗಿಸಿದ್ದೇ ಕದ್ರಿಯವರ ಸಾಧನೆ. ಅದರ ಹಿಂದೆ ಹಲವು ವರ್ಷಗಳ ಹಟವಿತ್ತು.

ಸಂಕಲನದ ಕೊರತೆ ಕಾಣುವುದು ಇಲ್ಲಿಯೇ. ಅವರ ವಾದನದಲ್ಲಿ ಬಲು ಜನಪ್ರಿಯವಾದ ‘ರಘುವಂಶ ಸುಧಾ’ ಕದನಕುತೂಹಲ ರಾಗದ್ದು. ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಈ ಕೃತಿಯಲ್ಲಿ ಸ್ವರಗಳು ಬಿಡಿಬಿಡಿಯಾಗಿ ಕುಣಿಯುತ್ತವೆ. ಬ್ಯಾಂಡಿನ ಗತ್ತೂ ಇದೆ. ಸ್ಯಾಕ್ಸೋಫೋನಿಗೆ ಅದು ಒಪ್ಪುವುದು ಸಹಜ. ಅದನ್ನು ಕೇಳಿ ಚಪ್ಪಾಳೆ ತಟ್ಟುವ ನಮಗೆ ವಾದಕರು ದಾಟಿದ ಕಷ್ಟ ತಿಳಿಯುವುದೇ ಇಲ್ಲ. ತೋಡಿಯನ್ನೋ ಕಲ್ಯಾಣಿಯನ್ನೋ ಹಿಡಿದು ನಿಧಾನವಾಗಿ ಆಲಾಪನೆ ಬೆಳೆಸುವಾಗ ಅದು ತಿಳಿಯುತ್ತದೆ. ಆದರೆ ಐದಾರು ನಿಮಿಷದ ತುಣುಕುಗಳನ್ನು ಅರಸುವ ಸಂಕಲನಕಾರರು ಮೊದಲು ಕತ್ತರಿಸುವುದೇ ಆಲಾಪನೆಯನ್ನು. ಜೊತೆಗೆ ಎ. ಕನ್ಯಾಕುಮಾರಿಯವರ ಪಿಟೀಲೂ ಬಡವಾಗುತ್ತದೆ. ಕದ್ರಿಯವರು ನುಡಿಸಿದ್ದಕ್ಕೆ ಆಕೆ ಕೊಡುವ ಉತ್ತರ ಕಚೇರಿಯ ಅರ್ಧ ಸುಖ.

ಜಾಝ್ ವಾದಕರು ಅವರನ್ನು ಮೆಚ್ಚಿದ್ದು ಈ ಮನೋಧರ್ಮಕ್ಕಾಗಿಯೇ ಇರಬೇಕು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರೊಡನೆ ವೇದಿಕೆಯಲ್ಲಿ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಅವರನ್ನು ಕರೆಯಿತು. ಕನ್ನಡ ಮೂಲದ ಅಮೆರಿಕನ್ ವಾದಕ ರುದ್ರೇಶ್ ಮಹಂತಪ್ಪನವರೊಡನೆ ಹೊರತಂದ ‘ಕಿನ್ಸ್‌ಮೆನ್’ (2008) ನನಗೆ ಯಾವ ಸಂಕಲನಕ್ಕಿಂತಲೂ ಮೇಲೆನಿಸುತ್ತದೆ. ಎರಡು ಸ್ಯಾಕ್ಸೋಫೋನುಗಳು ಅಲ್ಲಿ ಬಿಡುವಾಗಿ ಮಾತಾಡುತ್ತವೆ. ಒಮ್ಮೆಗೆ ಹಿಡಿಸದು, ಎರಡನೆಯ ಸಲ ಕೇಳಿರಿ.

ಕದ್ರಿಯವರು 2019ರ ಅಕ್ಟೋಬರಿನಲ್ಲಿ ತೀರಿಕೊಂಡರು. ನಮ್ಮೂರ ಸಮಾರಂಭಗಳಿಗೆ ಬರುವ ಯುವ ವಾದಕರಿಂದಲೂ ನಾವು ಅವವೇ ನಾಲ್ಕು ಹಾಡುಗಳನ್ನು ಬಯಸುತ್ತೇವೆ. ಅವರು ಬೇರೇನನ್ನು ಕಲಿತಿದ್ದಾರೆಂದು ಕೇಳುವವರು ವಿರಳ. ಮುಂದಿನ ಮದುವೆಯಲ್ಲಿ ಒಂದು ಆಲಾಪನೆ ನುಡಿಸಲು ಹೇಳಿ ನೋಡಿ. ಊಟಕ್ಕೆ ಹೇಗೂ ತಡವಾಗಿಯೇ ಇರುತ್ತದೆ.