ಹವಾಮಾನ ಹೇಳುವವರಿಗೆ ಊರು ಗೊತ್ತಿರಬೇಕು

ಹವಾಮಾನ ವರದಿ ನಮ್ಮಲ್ಲಿ ಬಹಳ ಕಾಲ ನಗೆಯ ವಸ್ತುವಾಗಿತ್ತು. ರೇಡಿಯೋದಲ್ಲಿ ‘ಕೆಲವೆಡೆ ಮಳೆಯಾಗುವ ಸಂಭವವಿದೆ’ ಎಂದು ಕೇಳಿಬಂದರೆ, ಹಾಗಾದರೆ ಇಂದು ಕೊಡೆ ಬೇಡ ಎಂದು ತಮಾಷೆ ಮಾಡುವುದು ರೂಢಿ. ವರದಿ ಸುಳ್ಳಾಗುತ್ತಿತ್ತು ಎಂಬುದಷ್ಟೇ ಈ ನಗೆಗೆ ಕಾರಣವಾಗಿರಲಿಲ್ಲ. ಅದು ಯಾರಿಗೆ ಹೇಳಿದ ಮಾತು ಎಂಬುದೇ ತಿಳಿಯುತ್ತಿರಲಿಲ್ಲ. ಕಡಲಿಗೆ ಹೊರಟ ಮೀನುಗಾರನಿಗೂ, ಶೇಂಗಾ ಬಿತ್ತಲು ಮೋಡ ನೋಡುತ್ತಾ ಕೂತ ಬಯಲುಸೀಮೆಯ ರೈತನಿಗೂ ಅದೇ ದನಿ, ಅದೇ ವಾಕ್ಯ. ‘ಕೆಲವೆಡೆ’ ಎಂಬ ಊರಿನಲ್ಲಿ ಯಾರೂ ವಾಸಿಸುವುದಿಲ್ಲ.

ಈಗ ದಿನವಿಡೀ ಸುದ್ದಿ ಬಿತ್ತರಿಸುವ ವಾಹಿನಿಗಳಿವೆ. ಮಳೆ ಅವುಗಳಿಗೆ ದೊಡ್ಡ ಸುದ್ದಿ. ಆದರೆ ಹೇಗೆ? ‘ವರುಣನ ಆರ್ಭಟ’, ‘ಜಲಪ್ರಳಯ’, ‘ಮಳೆರಾಯನ ರುದ್ರನರ್ತನ’ ಎಂಬ ತಲೆಬರಹಗಳು. ಹಿನ್ನೆಲೆಯಲ್ಲಿ ಸಿನಿಮಾ ಸಂಗೀತ. ಕೊಚ್ಚಿಹೋಗುತ್ತಿರುವ ಕಾರಿನ ದೃಶ್ಯ ಹತ್ತು ಬಾರಿ. ಮಳೆ ಬಂದ ಮೇಲೆ ತೋರಿಸಲು ನೂರು ಕ್ಯಾಮರಾ, ಬರುವ ಮುನ್ನ ತಿಳಿಸಲು ಒಬ್ಬರೂ ಇಲ್ಲ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕನ್ನಡ ಮತ್ತು ಮಲಯಾಳಂ ವಾಹಿನಿಗಳು ವಾರಗಟ್ಟಲೆ ಗಂಗಾವಳಿ ನದಿಯ ದಡದಲ್ಲಿದ್ದವು. ಗುಡ್ಡ ಕುಸಿಯುವ ಹಿಂದಿನ ಸಂಜೆ, ಆ ಹೆದ್ದಾರಿಯ ಚಹಾದಂಗಡಿಯ ಬಳಿ ಲಾರಿ ನಿಲ್ಲಿಸಬೇಡಿ ಎಂದು ಹೇಳಬಲ್ಲ ಒಂದು ಪರಿಚಿತ ಮುಖ ನಮ್ಮ ಯಾವ ಪರದೆಯಲ್ಲಿತ್ತು?

ಇಂತಹ ಮುಖವೊಂದು ದೂರದರ್ಶನದಲ್ಲಿ ಇರಲು ಸಾಧ್ಯವೇ ಎಂದು ತಿಳಿಯಲು ನಾವು ಅಮೆರಿಕದ ಕಡೆ ನೋಡಬೇಕಾಗುತ್ತದೆ. ಅಲ್ಲಿ ರಾಷ್ಟ್ರಮಟ್ಟದ ಜಾಲಗಳ ಜೊತೆಗೆ, ಒಂದೊಂದು ನಗರಕ್ಕೂ ಅದರ ಸುತ್ತಲಿನ ಹಳ್ಳಿಗಳಿಗೂ ಮೀಸಲಾದ ಸ್ಥಳೀಯ ಕೇಂದ್ರಗಳಿವೆ. ಅವುಗಳ ಸಂಜೆಯ ಸುದ್ದಿಯಲ್ಲಿ ಹವಾಮಾನಕ್ಕೆಂದೇ ಬೇರೆಯವರು ಇರುತ್ತಾರೆ. 1950ರ ದಶಕದಲ್ಲಿ ಈ ಜಾಗದಲ್ಲಿ ಬೊಂಬೆಯಾಟದವರೂ, ಚೆಂದದ ಹುಡುಗಿಯರೂ ಕಾಣಿಸಿಕೊಂಡದ್ದುಂಟು. ಮುಂದೆ ಹವಾಮಾನ ಶಾಸ್ತ್ರ ಓದಿದವರು ಆ ಜಾಗಕ್ಕೆ ಬಂದರು. ಅವರಲ್ಲಿ ಹಲವರು ಒಂದೇ ಊರಿನಲ್ಲಿ ಇಪ್ಪತ್ತು, ಮೂವತ್ತು, ನಲ್ವತ್ತು ವರ್ಷ ಉಳಿದರು. ಮೂರು ತಲೆಮಾರಿಗೆ ಪರಿಚಿತರಾದರು.

ಆರಂಭದಲ್ಲಿ ಅವರಿಗೆ ಬಾಯಿಬಿಡುವ ಸ್ವಾತಂತ್ರ್ಯವೂ ಇರಲಿಲ್ಲ. ಟಾರ್ನೆಡೊ ಎಂಬ ಭೀಕರ ಸುಂಟರಗಾಳಿ ಅಮೆರಿಕದ ನಡುನಾಡಿನ ದೊಡ್ಡ ವಿಪತ್ತು. ಆದರೆ 1880ರ ದಶಕದಿಂದ ಸುಮಾರು ಅರವತ್ತು ವರ್ಷ ಅಲ್ಲಿನ ಸರಕಾರಿ ಹವಾಮಾನ ಇಲಾಖೆ ತನ್ನ ಮುನ್ಸೂಚನೆಗಳಲ್ಲಿ ಆ ಪದದ ಬಳಕೆಯನ್ನೇ ತಡೆದಿತ್ತು. ಜನರು ಗಾಬರಿಗೊಳ್ಳುತ್ತಾರೆ ಎಂಬುದು ಕಾರಣ. 1948ರ ಮಾರ್ಚ್ 25ರಂದು ಒಕ್ಲಹೋಮದ ಟಿಂಕರ್ ವಾಯುನೆಲೆಯಲ್ಲಿ ಇಬ್ಬರು ಸೇನಾಧಿಕಾರಿಗಳು ಟಾರ್ನೆಡೊ ಮುನ್ಸೂಚನೆ ನೀಡಿದರು. ಅಂದೇ ಸಂಜೆ ಅದು ನಿಜವಾಯಿತು. 1952ರಲ್ಲಿ ಹ್ಯಾರಿ ವೋಕ್‌ಮನ್ ಎಂಬವರು ಒಕ್ಲಹೋಮ ಸಿಟಿಯ ದೂರದರ್ಶನದಲ್ಲಿ ಟಾರ್ನೆಡೊ ಎಚ್ಚರಿಕೆಯನ್ನು ನೇರವಾಗಿ ಜನರಿಗೆ ತಿಳಿಸಿದರು. ಜನರು ಗಾಬರಿಗೊಳ್ಳಲಿಲ್ಲ, ಕೃತಜ್ಞರಾದರು. ಅಪಾಯವನ್ನು ಮುಚ್ಚಿಟ್ಟು ‘ಜನರ ಹಿತಕ್ಕಾಗಿ’ ಎನ್ನುವ ಅಧಿಕಾರದ ಈ ಹಳೆಯ ಚಾಳಿ ನಮಗೂ ಅಪರಿಚಿತವಲ್ಲ.

ಅದೇ ಒಕ್ಲಹೋಮದ ಗ್ಯಾರಿ ಇಂಗ್ಲೆಂಡ್ 1972ರಿಂದ 2013ರವರೆಗೆ ಒಂದೇ ಕೇಂದ್ರದಲ್ಲಿ ಹವಾಮಾನ ಹೇಳಿದರು. 2025ರಲ್ಲಿ ಅವರು ತೀರಿಕೊಂಡರು. ಮೋಡದೊಳಗಿನ ಗಾಳಿಯ ಸುತ್ತು ತೋರಿಸುವ ಡಾಪ್ಲರ್ ರೇಡಾರನ್ನು 1980ರ ದಶಕದ ಆರಂಭದಲ್ಲೇ ತಮ್ಮ ಕೇಂದ್ರಕ್ಕೆ ತರಿಸಿಕೊಂಡವರು ಅವರು. 1999ರ ಮೇ 3ರಂದು ಗಂಟೆಗೆ 480 ಕಿ.ಮೀ.ಗೂ ಮೀರಿದ ಗಾಳಿ ಮೂರ್ ಪಟ್ಟಣದ ಕಡೆ ನುಗ್ಗುತ್ತಿದ್ದಾಗ, ನೆಲದಡಿಯ ಆಸರೆಗೆ ಹೋಗಿ ಎಂದು ಅವರು ಪರದೆಯ ಮೇಲಿಂದ ಒತ್ತಿ ಹೇಳಿದರು. ಅಂದು ಆ ಗಾಳಿ ನೇರವಾಗಿ 36 ಜೀವ ಬಲಿ ಪಡೆಯಿತು. ಮನೆಗಳು ಸಾವಿರಗಟ್ಟಲೆ ನೆಲಸಮವಾಗಿದ್ದವು. ಉಳಿದವರು ಉಳಿದದ್ದು ಆ ಮಾತನ್ನು ನಂಬಿದ್ದರಿಂದ ಎಂದು ಆ ನಾಡಿನ ಜನ ಈಗಲೂ ಹೇಳುತ್ತಾರೆ.

ಈ ನಂಬಿಕೆ ಅಂದು ಸಂಜೆ ಹುಟ್ಟಿದ್ದಲ್ಲ. ಅಲಬಾಮಾದ ಜೇಮ್ಸ್ ಸ್ಪ್ಯಾನ್ ಅವರನ್ನು ನೋಡಿದರೆ ಅದು ಹೇಗೆ ಕೂಡಿಬರುತ್ತದೆ ಎಂದು ಅರ್ಥವಾಗುತ್ತದೆ. ಕೋಟು ಕಳಚಿ, ಅಂಗಿಯ ಮೇಲಿನ ಪಟ್ಟಿಗಳು ಕಾಣುವಂತೆ ಅವರು ನಿಂತರೆಂದರೆ ಪರಿಸ್ಥಿತಿ ಗಂಭೀರ ಎಂದು ಅಲ್ಲಿನ ಮಕ್ಕಳಿಗೂ ಗೊತ್ತು. ಗಾಳಿ ಎಲ್ಲಿದೆ ಎಂದು ಹೇಳುವಾಗ ಅವರು ಅಕ್ಷಾಂಶ ರೇಖಾಂಶ ಹೇಳುವುದಿಲ್ಲ. ಇಂತಹ ಅಡ್ಡರಸ್ತೆ, ಇಂತಹ ಅಂಗಡಿಯ ಬಳಿ ಎನ್ನುತ್ತಾರೆ. ಬಿಡುವಿನ ದಿನಗಳಲ್ಲಿ ಶಾಲೆಗಳಿಗೆ ಹೋಗುತ್ತಾರೆ. ಹೆಸರುಗಳಿಲ್ಲದ ನಕಾಶೆಯಲ್ಲಿ ನಿಮ್ಮ ಮನೆ ಎಲ್ಲಿದೆ ಎಂದು ಗುರುತಿಸಬಲ್ಲಿರಾ ಎಂದು ಜನರನ್ನು ಕೇಳುತ್ತಾರೆ. ಬಹಳ ಮಂದಿಗೆ ಆಗುವುದಿಲ್ಲ; ಆಗದಿದ್ದರೆ ರೇಡಾರ್ ಚಿತ್ರ ನೋಡಿ ಪ್ರಯೋಜನವೇನು?

2011ರ ಏಪ್ರಿಲ್ 27ರಂದು ಒಂದೇ ದಿನ ಅಲಬಾಮಾ ರಾಜ್ಯದಲ್ಲಿ 62 ಟಾರ್ನೆಡೊಗಳು ಎದ್ದವು. 240ಕ್ಕೂ ಹೆಚ್ಚು ಮಂದಿ ಸತ್ತರು. ಮುನ್ಸೂಚನೆ ಸರಿಯಾಗಿಯೇ ಇತ್ತು. ‘ನಾವು ನಮ್ಮ ಕೆಲಸ ಮಾಡಿದೆವು’ ಎಂದು ಸ್ಪ್ಯಾನ್ ಸುಮ್ಮನಿರಬಹುದಿತ್ತು. ಇರಲಿಲ್ಲ. ಇಷ್ಟು ಸಾವು ಹೇಗೆ ಸಂಭವಿಸಿತು ಎಂದು ತಮ್ಮ ವೃತ್ತಿಯನ್ನೇ ಪ್ರಶ್ನಿಸಿದರು. ಆಗ ಅಮೆರಿಕದಲ್ಲಿ ಹೊರಡುತ್ತಿದ್ದ ಟಾರ್ನೆಡೊ ಎಚ್ಚರಿಕೆಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಹುಸಿಯಾಗುತ್ತಿದ್ದವು. ಹುಸಿ ಎಚ್ಚರಿಕೆ ಕೇಳಿ ಕೇಳಿ ಜನರ ಕಿವಿ ಮಂದವಾಗಿತ್ತು. ಸೈರನ್ ಕೂಗಲಿ, ನೋಡೋಣ ಎಂದು ಕೂತವರೂ ಇದ್ದರು. ಅಂದಿನಿಂದ ಅವರು ಸೈರನ್ ನಂಬಿ ಕೂರಬೇಡಿ, ತಲೆಗೆ ಹೆಲ್ಮೆಟ್ ಧರಿಸಿ ಎಂದು ಸಾರುತ್ತಲೇ ಬಂದಿದ್ದಾರೆ. 2021ರ ಮಾರ್ಚ್‌ನಲ್ಲಿ ಅವರು ನೇರ ಪ್ರಸಾರದಲ್ಲಿದ್ದಾಗಲೇ ಸುಂಟರಗಾಳಿ ಅವರ ಸ್ವಂತ ಮನೆಗೆ ಬಡಿಯಿತು. ಪತ್ನಿ ಸುರಕ್ಷಿತರಾಗಿದ್ದಾರೆಂದು ಖಾತ್ರಿಪಡಿಸಿಕೊಂಡು ಮರಳಿ ಬಂದು ಪ್ರಸಾರ ಮುಂದುವರಿಸಿದರು. ವೀಕ್ಷಕರಿಗೆ ಬರುವ ಗಾಳಿ ತನಗೂ ಬರುತ್ತದೆ ಎಂಬ ಸ್ಥಿತಿಯಲ್ಲಿ ನಿಂತವರ ಮಾತಿಗೆ ತೂಕ ಬರದಿರುತ್ತದೆಯೇ?

2023ರ ಮಾರ್ಚ್ 24ರ ರಾತ್ರಿ ಮಿಸಿಸಿಪ್ಪಿಯ ಟುಪೆಲೊ ಕೇಂದ್ರದಲ್ಲಿ ನಡೆದದ್ದೂ ಇದೇ ಬಗೆಯದು. ಆ್ಯಮೊರಿ ಎಂಬ ಪುಟ್ಟ ಪಟ್ಟಣದ ಮೇಲೆ ಗಾಳಿ ಎರಗುವುದನ್ನು ರೇಡಾರ್‌ನಲ್ಲಿ ಕಂಡ ಹವಾಮಾನ ತಜ್ಞರು, ಜನರಿಗೆ ಹೇಳಬೇಕಾದುದನ್ನು ಹೇಳಿ, ಒಂದು ಕ್ಷಣ ತಲೆ ತಗ್ಗಿಸಿ ಯೇಸುವಿನಲ್ಲಿ ಅವರಿಗಾಗಿ ಪ್ರಾರ್ಥಿಸಿದರು. ಸುದ್ದಿ ಓದುವವರು ಹೀಗೆ ಮಾಡಬಹುದೇ ಎಂದು ಕೇಳುವವರಿರಬಹುದು. ವಿಜ್ಞಾನದ ಕೆಲಸವನ್ನು ಪೂರ್ತಿ ಮುಗಿಸಿ, ಕೈಮೀರಿದ ಗಳಿಗೆಯಲ್ಲಿ ಬಂದ ಪ್ರಾರ್ಥನೆ ಅದು. ಕೆಲಸಕ್ಕೆ ಬದಲಾಗಿ ಬಂದದ್ದಲ್ಲ. ಆ ವ್ಯತ್ಯಾಸ ನಮಗೆ ಮುಖ್ಯವೆನಿಸುತ್ತದೆ.

ಹಾಗೆಂದು ಅಲ್ಲಿಯದೆಲ್ಲ ಚಿನ್ನವಲ್ಲ. ಕೇಂದ್ರಗಳ ನಡುವಿನ ಪೈಪೋಟಿಯಲ್ಲಿ ಸಣ್ಣ ಮೋಡವೂ ಮಹಾ ಬಿರುಗಾಳಿಯಾಗುವುದುಂಟು. ಜನ ನಂಬುವ ಮಾತು ತಪ್ಪಿದರೆ ಅನಾಹುತವೂ ಅಷ್ಟೇ ದೊಡ್ಡದು. 2013ರ ಮೇ 31ರಂದು ಒಕ್ಲಹೋಮದ ಒಬ್ಬ ನಿರೂಪಕ, ನೆಲದಡಿಯ ಆಸರೆ ಇಲ್ಲದವರು ಕಾರು ಹತ್ತಿ ದಕ್ಷಿಣಕ್ಕೆ ಹೊರಡಿ ಎಂದರು. ಹೆದ್ದಾರಿಗಳು ಕಿಕ್ಕಿರಿದು ನಿಂತವು. ಎಲ್ ರೆನೊ ಬಳಿ 4 ಕಿ.ಮೀ.ಗೂ ಅಗಲವಾಗಿ ಹರಡಿದ್ದ ಟಾರ್ನೆಡೊ ಆ ಹೊತ್ತಿನಲ್ಲಿ ದಿಕ್ಕು ಬದಲಿಸುತ್ತಿತ್ತು. ಅದು ನಗರದ ರಸ್ತೆಗಳ ಮೇಲೆ ಬಂದಿದ್ದರೆ ಏನಾಗುತ್ತಿತ್ತು ಎಂದು ನೆನೆದು ಅಲ್ಲಿನ ತಜ್ಞರೇ ನಡುಗಿದರು. ಇನ್ನೊಂದು ಕಡೆ, ಸಾವಿರಾರು ಜೀವ ಉಳಿಸಿದ ಸ್ಪ್ಯಾನ್ ಅವರೇ 2007ರಲ್ಲಿ ಮನುಷ್ಯನಿಂದಾದ ತಾಪಮಾನ ಏರಿಕೆಯನ್ನು ಬಹಿರಂಗವಾಗಿ ಶಂಕಿಸಿದ್ದರು. ಇಂದಿನ ಗಾಳಿ ಬಲ್ಲವರಿಗೆ ನಾಳಿನ ಹವೆಯೂ ಗೊತ್ತಿರಬೇಕೆಂದೇನಿಲ್ಲ.

ಆ ವಿಷಯದಲ್ಲಿ ಬೇರೆ ದಾರಿ ಹಿಡಿದವರೂ ಇದ್ದಾರೆ. ದಕ್ಷಿಣ ಕೆರೊಲಿನಾದ ಕೊಲಂಬಿಯಾದಲ್ಲಿ ಜಿಮ್ ಗ್ಯಾಂಡಿ 2010ರಿಂದ ಹವಾಮಾನ ಬದಲಾವಣೆಯನ್ನು ಊರಿನ ಮಾತಾಗಿ ಹೇಳತೊಡಗಿದರು. ಧ್ರುವದ ಹಿಮಕರಡಿಯನ್ನು ಅವರು ತೋರಿಸಲಿಲ್ಲ. ಮುಟ್ಟಿದರೆ ಮೈ ತುರಿಸುವ ಹಿತ್ತಲಿನ ಬಳ್ಳಿಯೊಂದು ಇಂಗಾಲದ ಡೈಆಕ್ಸೈಡ್ ಹೆಚ್ಚಿದಂತೆ ಹೇಗೆ ಸೊಕ್ಕಿ ಬೆಳೆಯುತ್ತದೆ ಎಂದು ತೋರಿಸಿದರು. ಅದು ಸಂಪ್ರದಾಯವಾದಿ ರಾಜಕೀಯದ ನಾಡು. ಆದರೂ ಜನ ಕೇಳಿದರು. ಅಯೋವಾದಲ್ಲಿ ಕ್ರಿಸ್ ಗ್ಲೋನಿಂಜರ್ ಅವರಿಗೆ ಅಷ್ಟು ಅದೃಷ್ಟವಿರಲಿಲ್ಲ. ಇದೇ ಮಾತನ್ನು ಹೇಳಿದ್ದಕ್ಕೆ 2022ರಲ್ಲಿ ಬೆದರಿಕೆಯ ಪತ್ರಗಳು ಬಂದವು. ಬರೆದ ವ್ಯಕ್ತಿಗೆ 150 ಡಾಲರ್ ದಂಡವಾಯಿತು. 2023ರಲ್ಲಿ ಅವರು ಆ ಕೇಂದ್ರವನ್ನೇ ಬಿಟ್ಟರು. ಸತ್ಯ ಹೇಳುವವರನ್ನು ಊರಿನಿಂದ ಓಡಿಸಲು ಹೆಚ್ಚು ಜನ ಬೇಕಾಗಿಲ್ಲ.

ಇವೆಲ್ಲಕ್ಕಿಂತ ನಮ್ಮನ್ನು ಹೆಚ್ಚು ಕಾಡಿದ್ದು ಟೆಕ್ಸಸ್‌ನ ಸರಗೋಸ ಎಂಬ ಹಳ್ಳಿಯ ಕತೆ. ಸ್ಪ್ಯಾನಿಷ್ ಮಾತಾಡುವ ಬಡವರ ಪುಟ್ಟ ಊರು. 1987ರ ಮೇ 22ರ ಸಂಜೆ ಪುಟಾಣಿ ಮಕ್ಕಳ ಶಾಲೆಯ ಸಮಾರಂಭಕ್ಕೆಂದು ಹೆತ್ತವರೆಲ್ಲ ಚರ್ಚಿನ ಸಭಾಂಗಣದಲ್ಲಿ ಸೇರಿದ್ದರು. ಟಾರ್ನೆಡೊ ಬಂತು. ಊರಲ್ಲಿ ಸತ್ತವರು 30 ಮಂದಿ. ಅವರಲ್ಲಿ 22 ಮಂದಿ ಆ ಸಭಾಂಗಣದಲ್ಲಿದ್ದವರು. ಎಚ್ಚರಿಕೆಯನ್ನು ಇಂಗ್ಲಿಷಿನಲ್ಲಿ ನೀಡಲಾಗಿತ್ತು. ಆ ಜನರು ಕೇಳುತ್ತಿದ್ದ ಭಾಷೆಯಲ್ಲಿ, ನೋಡುತ್ತಿದ್ದ ವಾಹಿನಿಯಲ್ಲಿ ಅದು ಸರಿಯಾಗಿ ತಲುಪಲೇ ಇಲ್ಲ. ಮುನ್ಸೂಚನೆ ಇತ್ತು, ಆದರೆ ಅವರ ಪಾಲಿಗೆ ಇರಲಿಲ್ಲ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಸರಕಾರಿ ಹವಾಮಾನ ಸೇವೆ ಕೆಲವು ವಾರ ತನ್ನ ಎಚ್ಚರಿಕೆಗಳ ಅನುವಾದವನ್ನೇ ನಿಲ್ಲಿಸಿತ್ತು ಎಂದರೆ, ಆ ಪಾಠ ಎಷ್ಟು ಬೇಗ ಮರೆತುಹೋಗುತ್ತದೆ ನೋಡಿ.

ಈಗ ಆ ಸ್ಥಳೀಯ ಹವಾಮಾನದವರ ಬುಡಕ್ಕೇ ಕೊಡಲಿ ಬೀಳುತ್ತಿದೆ. 2025ರ ಜನವರಿಯಲ್ಲಿ ಅಲೆನ್ ಮೀಡಿಯಾ ಎಂಬ ಕಂಪೆನಿ, ತನ್ನ ಕೇಂದ್ರಗಳ ಸ್ಥಳೀಯ ತಜ್ಞರ ಬದಲಿಗೆ ಅಟ್ಲಾಂಟಾದ ಒಂದೇ ಕಚೇರಿಯಿಂದ ಎಲ್ಲ ಊರುಗಳ ಹವಾಮಾನ ಬಿತ್ತರಿಸಲು ಹೊರಟಿತು. ಲೆಕ್ಕದ ಪುಸ್ತಕದಲ್ಲಿ ಇದು ಜಾಣತನ; ರೇಡಾರ್ ಚಿತ್ರ ಎಲ್ಲಿ ಕೂತು ನೋಡಿದರೂ ಒಂದೇ. ಆದರೆ ವೀಕ್ಷಕರು ಸಿಟ್ಟಿಗೆದ್ದರು. ಕಂಪೆನಿ ಹಿಂದೆ ಸರಿಯಬೇಕಾಯಿತು. ಧಾರಾವಾಹಿ ನಿಂತರೆ ಜನ ಬೀದಿಗಿಳಿಯುವುದು ಬೇರೆ. ಮಳೆ ಹೇಳುವವರಿಗಾಗಿ ದನಿ ಎತ್ತುವುದು ಬೇರೆ.

ನಮ್ಮ ನೆರೆಯಲ್ಲೂ ಇಂತಹ ನಂಟು ಇಲ್ಲದೇ ಇಲ್ಲ. ಚೆನ್ನೈಯ ಚಂಡಮಾರುತ ಎಚ್ಚರಿಕೆ ಕೇಂದ್ರದ ಮುಖ್ಯಸ್ಥರಾಗಿದ್ದ ಎಸ್.ಆರ್. ರಮಣನ್ 2016ರಲ್ಲಿ ನಿವೃತ್ತರಾಗುವವರೆಗೆ ತಮಿಳುನಾಡಿನ ಪ್ರತಿ ಮನೆಗೂ ಪರಿಚಿತರು. ನಾಳೆ ಶಾಲೆಗೆ ರಜೆಯೋ ಇಲ್ಲವೋ ಎಂದು ತಿಳಿಯಲು ಮಕ್ಕಳು ಅವರ ಮುಖ ಕಾಯುತ್ತಿದ್ದರು. ಸರಕಾರಿ ಅಧಿಕಾರಿಯೊಬ್ಬರು ಸರಳ ತಮಿಳಿನಲ್ಲಿ ಮಾತಾಡಿ ಗಳಿಸಿದ ಪ್ರೀತಿ ಅದು.

ಕನ್ನಡದಲ್ಲಿ ಕೊರತೆ ಮಾಹಿತಿಯದ್ದಲ್ಲ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭವಾದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತ್ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ. ರೈತರಿಗೆ ‘ವರುಣ ಮಿತ್ರ’ ಸಹಾಯವಾಣಿ, ಮಿಂಚಿನ ಎಚ್ಚರಿಕೆಗೆ ‘ಸಿಡಿಲು’ ಆ್ಯಪ್ ತಂದಿದೆ. ದೇಶದ ಬಹಳ ರಾಜ್ಯಗಳಲ್ಲಿ ಇಷ್ಟಿಲ್ಲ. ಆದರೆ ಇಷ್ಟೆಲ್ಲ ಪರದೆಗೆ ಬರುವಷ್ಟರಲ್ಲಿ ‘ಕರಾವಳಿಗೆ ರೆಡ್ ಅಲರ್ಟ್’ ಎಂಬ ಒಂದು ಸಾಲಾಗಿ ಕುಗ್ಗುತ್ತದೆ. ಕೆಂಪು ಎಂದರೆ ಒಂದು ದಿನದಲ್ಲಿ 204 ಮಿ.ಮೀ.ಗೂ ಮೀರಿದ ಮಳೆಯ ಸಂಭವ ಎಂದು ಬಿಡಿಸಿ ಹೇಳುವವರಿಲ್ಲ. ಆ ಮಳೆಗೆ ಉಪ್ಪಿನಂಗಡಿಯ ಸಂಗಮದಲ್ಲಿ ನೀರು ಯಾವಾಗ ಏರುತ್ತದೆ, ಮಂಗಳೂರಿನ ಕೊಟ್ಟಾರಚೌಕಿಯಲ್ಲಿ ಎಷ್ಟು ಹೊತ್ತಿಗೆ ರಸ್ತೆ ಮುಳುಗುತ್ತದೆ, ಶಿರಾಡಿಯಲ್ಲಿ ರಾತ್ರಿ ಪ್ರಯಾಣ ಬೇಕೇ ಎಂದು ಹೇಳುವವರಿಲ್ಲ. ರೆಡ್ ಅಲರ್ಟಿನಿಂದ ನಮಗೆ ತಿಳಿಯುವುದು ನಾಳೆ ಶಾಲೆಗೆ ರಜೆ ಎಂಬುದಷ್ಟೇ.

ಭಾಷೆಯ ಮಾತೂ ಇದೆ. 2022ರ ಆಗಸ್ಟ್ ಮೊದಲ ವಾರ ಭಟ್ಕಳದಲ್ಲಿ ಒಂದು ದಿನದಲ್ಲಿ ಸುಮಾರು 500 ಮಿ.ಮೀ. ಮಳೆ ಸುರಿದು ಪೇಟೆ ಮುಳುಗಿತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ಸತ್ತರು. ಈ ಕರಾವಳಿಯಲ್ಲಿ ಜನರು ತುಳು, ಬ್ಯಾರಿ, ಕೊಂಕಣಿ, ನವಾಯತಿ ಮಾತಾಡುತ್ತಾರೆ. ಮಲ್ಪೆ, ಮಂಗಳೂರು ಬಂದರಿನ ದೋಣಿಗಳಲ್ಲಿ ಆಂಧ್ರ, ಒಡಿಶಾ, ತಮಿಳುನಾಡಿನ ಕೂಲಿಯವರಿದ್ದಾರೆ. ಬೆಂಗಳೂರಿನ ಸ್ಟುಡಿಯೋದ ಅಬ್ಬರದ ಕನ್ನಡ ಇವರಲ್ಲಿ ಎಷ್ಟು ಮಂದಿಗೆ ಎಚ್ಚರಿಕೆಯಾಗಿ ತಲುಪುತ್ತದೆ? ಸರಗೋಸ ನಮಗೆ ಅಷ್ಟೇನೂ ದೂರವಿಲ್ಲ.

ಕರಾವಳಿಯಲ್ಲೂ ಮಲೆನಾಡಿನಲ್ಲೂ ಊರೂರಿನ ಕೇಬಲ್ ವಾಹಿನಿಗಳಿವೆ. ಉತ್ಸವ, ಉರೂಸ್, ಕಬಡ್ಡಿ, ರಾಜಕೀಯ ಭಾಷಣ ಎಲ್ಲವನ್ನೂ ಅವು ನೇರ ಪ್ರಸಾರ ಮಾಡುತ್ತವೆ. ದಿನಕ್ಕೆ ಹತ್ತು ನಿಮಿಷ, ಜಿಲ್ಲೆಯ ನಕಾಶೆ ಮುಂದಿಟ್ಟುಕೊಂಡು, ಭೂಗೋಳವನ್ನೋ ಕೃಷಿಯನ್ನೋ ಓದಿದ ಒಬ್ಬ ಸ್ಥಳೀಯ ಹುಡುಗಿ ಅಥವಾ ಹುಡುಗ ನಿನ್ನೆ ಯಾವ ಪಂಚಾಯತಿನಲ್ಲಿ ಎಷ್ಟು ಮಳೆಯಾಯಿತು, ನಾಳೆ ಏನಾಗಬಹುದು ಎಂದು ತಾಳ್ಮೆಯಿಂದ ಹೇಳಿದರೆ ಸಾಕು. ಹೇಳಿದ್ದು ತಪ್ಪಿದರೆ ಮರುದಿನ ಬಂದು ತಪ್ಪಿತು ಎಂದು ಒಪ್ಪಿಕೊಳ್ಳಬೇಕು. ಬಿಸಿಲಿನ ದಿನವೂ ಬರಬೇಕು. ಮುನ್ಸೂಚನೆ ಇಲಾಖೆಯದೇ ಆಗಿರಲಿ; ಅದನ್ನು ಊರಿಗೆ ಮುಟ್ಟಿಸುವ ಬಾಯಿ ಊರಿನದಾಗಿರಲಿ. ಮುಂಗಾರಿಗೆ ಮುನ್ನ ಒಂದು ವಾಹಿನಿಯಾದರೂ ಇದನ್ನು ಆರಂಭಿಸಲಿ ಎಂದು ನಾವು ಕೇಳುತ್ತಿದ್ದೇವೆ. ಇದಕ್ಕೆ ಬೇಕಾಗುವ ಖರ್ಚು, ಕೊಚ್ಚಿಹೋದ ಮನೆಯ ಮುಂದೆ ಕ್ಯಾಮರಾ ಹಿಡಿದು ನಿಲ್ಲಲು ಆಗುವ ಖರ್ಚಿಗಿಂತ ಹೆಚ್ಚಲ್ಲ.