ಇ7018: ಹೈಡ್ರೋಜನ್ ತಡೆಯುವ ರಾಡ್

ಇ7018 ವೆಲ್ಡಿಂಗ್ ರಾಡ್‌ನ ಹಿರಿಮೆಯೆಲ್ಲ ಇರುವುದು ಅದರ ಲೇಪದಲ್ಲಿ. ಸುಣ್ಣಕಲ್ಲು, ಫ್ಲೋರ್‌ಸ್ಪಾರ್, ಕಬ್ಬಿಣದ ಪುಡಿ ಅದರ ಮುಖ್ಯ ಸಾಮಗ್ರಿ. ಆರ್ಕ್‌ನ ಶಾಖಕ್ಕೆ ಸುಣ್ಣಕಲ್ಲು ಒಡೆದು ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ಕರಗಿದ ಲೋಹಕ್ಕೆ ಗಾಳಿ ತಾಕದಂತೆ ಅದೇ ರಕ್ಷಾಕವಚವಾಗುತ್ತದೆ. ಹೆಸರಿನಲ್ಲಿರುವ 70 ಎಂಬುದು ಚದರ ಇಂಚಿಗೆ 70,000 ಪೌಂಡ್ ಕನಿಷ್ಠ ಎಳೆತ ಬಲದ ಗುರುತು. 1 ಎಂದರೆ ಎಲ್ಲ ಭಂಗಿಗೂ ಒಗ್ಗುವಂಥದ್ದು, 8 ಲೇಪದ ಬಗೆ.

ಶೇ. 0.25ಕ್ಕಿಂತ ಕಡಿಮೆ ಇಂಗಾಲದ ಮೃದು ಉಕ್ಕಿನ ಕಿಟಕಿ, ಗೇಟುಗಳಿಗೆ 6013 ಎಂಬ ಸಾಮಾನ್ಯ ರಾಡ್ ಸಾಕು. ಇಂಗಾಲ ಏರಿದಂತೆ ಕಥೆ ಬದಲಾಗುತ್ತದೆ. ಬೆಸುಗೆಯ ಪಕ್ಕದ ಉಕ್ಕು ಬೇಗ ತಣಿದು ಗಡುಸಾಗಿ, ಪೆಡಸಾದ ಮಾರ್ಟೆನ್ಸೈಟ್ ಆಗುತ್ತದೆ. ಲೇಪದ ತೇವ, ಎಣ್ಣೆ, ತುಕ್ಕಿನಿಂದ ಬಂದ ಹೈಡ್ರೋಜನ್ ಅಲ್ಲಿ ಸೇರಿದರೆ ಬಿರುಕು ಖಚಿತವೆಂದೇ ಎಣಿಸಬೇಕು. ಅದೂ ಎಷ್ಟೋ ಗಂಟೆಗಳ ನಂತರ, ಕೆಲಸ ಮುಗಿಯಿತೆಂದು ಎಲ್ಲರೂ ಹೊರಟ ಮೇಲೆ. ಹೈಡ್ರೋಜನ್ ಕಡಿಮೆ ಬಿಡುವ 7018 ಬೇಕಾಗುವುದು ಇಲ್ಲಿಯೇ. ಮ್ಯಾಂಗನೀಸ್, ಕ್ರೋಮಿಯಂ, ಮಾಲಿಬ್ಡಿನಂ ಕೂಡ ಇದೇ ಗಡುಸುತನವನ್ನು ಹೆಚ್ಚಿಸುವುದರಿಂದ ಮಿಶ್ರ ಉಕ್ಕಿನಲ್ಲಿ ಇಂಗಾಲವೊಂದನ್ನೇ ನೋಡಿದರೆ ಸಾಲದು, ಎಲ್ಲದರ ಒಟ್ಟು ಪ್ರಭಾವವನ್ನು ಲೆಕ್ಕ ಹಾಕಬೇಕು. ದಪ್ಪ ತಗಡಿಗೆ ಮೊದಲೇ ಬಿಸಿ ಕೊಡುವುದು ಈ ಬಿರುಕನ್ನು ತಡೆಯಲೆಂದೇ. ಬಾಯ್ಲರ್‌ನ ಕೆಲವು ಕ್ರೋಮಿಯಂ-ಮಾಲಿಬ್ಡಿನಂ ಕೊಳವೆಗಳಿಗೆ ಅದೇ ವಂಶದ 8018-ಬಿ2 ಬೇಕಾಗುತ್ತದೆ. ಬಲವಷ್ಟೇ ಅಲ್ಲ, ಉಕ್ಕಿನ ಸಂಯೋಜನೆಯೂ ಹೊಂದಬೇಕು.

ಇಷ್ಟು ಗುಣವಂತ ರಾಡ್‌ಗೆ ತೇವವೇ ಶತ್ರು. ಡಬ್ಬಿ ತೆರೆದ ಮೇಲೆ 120 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆಯಿಲ್ಲದ ಓವನ್‌ನಲ್ಲಿ ಇಡಬೇಕು. ತೇವ ಹೀರಿದ 7018 ಅನ್ನು ತಯಾರಕರು ಹೇಳಿದ ಶಾಖದಲ್ಲಿ ಮತ್ತೆ ಒಣಗಿಸದೆ ಗಡುಸು ಉಕ್ಕಿನ ಮೇಲೆ ಬಳಸಲೇಬಾರದು.