ಸರಾಸರಿಯಲ್ಲಿ ಕಳೆದುಹೋದ ತಲೆ

ಮಿದುಳಿನ ರಕ್ತನಾಳಗಳ ಪರೀಕ್ಷೆಯಲ್ಲಿ ರೋಗಿಗೆ ತಗಲುವ ವಿಕಿರಣವನ್ನು ಮಿಲಿಸೀವರ್ಟ್ ಎಂಬ ಒಂದೇ ಅಂಕಿಯಲ್ಲಿ ಹೇಳಿ ಮುಗಿಸುವ ರೂಢಿಗೆ ಸಲ್ಲದ ಮರ್ಯಾದೆ ಸಿಕ್ಕಿದೆ. 'ಇಷ್ಟು ಎದೆಯ ಎಕ್ಸ್‌ರೇಗೆ ಸಮ' ಎಂದುಬಿಟ್ಟರೆ ರೋಗಿಗೆ ತಿಳಿಸಬೇಕಾದದ್ದೆಲ್ಲ ತಿಳಿಸಿದಂತಾಯಿತು ಎಂದು ಬಹಳ ವೈದ್ಯರು ನಂಬಿದ್ದಾರೆ. ತಲೆಯ ಮಟ್ಟಿಗೆ ಈ ಅಂಕಿ ದಾರಿ ತಪ್ಪಿಸುತ್ತದೆ.

ಲಾಸ್ ಏಂಜಲಿಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯ ಪ್ರಕರಣ ಇದಕ್ಕೊಂದು ಉದಾಹರಣೆ. ಲಕ್ವದ ಶಂಕೆಯಿಂದ ಬಂದವರ ಮಿದುಳಿನ ರಕ್ತಸಂಚಾರ ನೋಡುವ ಸಿ.ಟಿ. ಪರ್ಫ್ಯೂಷನ್‌ನಲ್ಲಿ, ಸುಮಾರು 18 ತಿಂಗಳ ಕಾಲ, 0.5 ಗ್ರೇ (ದೇಹದ ಭಾಗವೊಂದು ಹೀರಿದ ವಿಕಿರಣದ ಅಳತೆ) ಇರಬೇಕಾದಲ್ಲಿ 3ರಿಂದ 4 ಗ್ರೇ ಬಿತ್ತು. 2009ರಲ್ಲಿ ಅದು ಬಯಲಾದದ್ದು ರೋಗಿಯೊಬ್ಬರ ಕೂದಲು ಉದುರಿದ ಮೇಲೆ.

ಆ 4 ಗ್ರೇಯನ್ನು ರೂಢಿಯ ಲೆಕ್ಕಕ್ಕೇ ಹಾಕಿ ನೋಡಿ. ತಲೆಯ 4 ಸೆಂ.ಮೀ. ಅಗಲದ ಪಟ್ಟಿ ಎಂದಿಟ್ಟುಕೊಂಡರೆ 16,000 ಮಿಲಿಗ್ರೇ-ಸೆಂ.ಮೀ.; ಅದನ್ನು ವಯಸ್ಕರ ತಲೆಗೆ ಬಳಸುವ ಪರಿವರ್ತನಾಂಕ 0.0021ರಿಂದ ಗುಣಿಸಿದರೆ ಸುಮಾರು 34 ಮಿಲಿಸೀವರ್ಟ್. ಕೂದಲು ಉದುರಿಸಿದ ವಿಕಿರಣ ಕಾಗದದ ಮೇಲೆ ಹಲವು ಹಂತಗಳ ಹೊಟ್ಟೆ ಸಿ.ಟಿ.ಯಷ್ಟೇ ಆಗಿ ಕಾಣುತ್ತದೆ! ಕಾರಣ, ಮಿಲಿಸೀವರ್ಟ್ ಲೆಕ್ಕದಲ್ಲಿ ಒಂದೊಂದು ಅಂಗಕ್ಕೂ ಕೊಡುವ ತೂಕದ ಪಟ್ಟಿಯಲ್ಲಿದೆ. ಅಂತಾರಾಷ್ಟ್ರೀಯ ವಿಕಿರಣ ಸುರಕ್ಷಾ ಆಯೋಗದ 2007ರ ಶಿಫಾರಸಿನಲ್ಲಿ ಶ್ವಾಸಕೋಶ, ಜಠರಗಳಿಗೆ ತಲಾ 0.12, ಮಿದುಳಿಗೆ 0.01, ಚರ್ಮಕ್ಕೂ 0.01. ಕಣ್ಣಿನ ಮಸೂರಕ್ಕೆ ಜಾಗವೇ ಇಲ್ಲ. ಆದರೆ ಮಸೂರಕ್ಕೆ 0.5 ಗ್ರೇ ಬಿದ್ದರೂ ಪೊರೆ ಬರಬಹುದೆಂದು 2011ರಲ್ಲಿ ಎಚ್ಚರಿಸಿದ್ದು ಇದೇ ಆಯೋಗ. ಇಡೀ ಜನಸಮೂಹದ ಕ್ಯಾನ್ಸರ್ ಅಪಾಯ ಅಳೆಯಲು ಮಾಡಿದ ಸರಾಸರಿಯನ್ನು ಒಬ್ಬನ ನೆತ್ತಿಯ ಮೇಲೆ ಪ್ರಯೋಗಿಸಿದರೆ ಇನ್ನೇನಾದೀತು?

'ಹೆಚ್ಚು ಹೇಳಿದರೆ ರೋಗಿ ಹೆದರಿ ಪರೀಕ್ಷೆಯನ್ನೇ ಬಿಡುತ್ತಾನೆ' ಎನ್ನುವ ತಜ್ಞರೊಂದಿಗೆ ನನಗೆ ಹಳೆಯ ಜಗಳವಿದೆ. ಲಕ್ವ ಹೊಡೆದಾಗ ಸ್ಕ್ಯಾನ್ ಬೇಕೇ ಬೇಕು, ನಿಜ. ಅದು ಜೀವ ಉಳಿಸುತ್ತದೆ. ಆದರೆ ತುರ್ತಿನ ಹೆಸರಿನಲ್ಲಿ ಎಂಟು ಪಟ್ಟು ವಿಕಿರಣ ಯಾರ ಗಮನಕ್ಕೂ ಬಾರದೆ ಹೋಗಬೇಕೆಂದು ಯಾವ ವೈದ್ಯಶಾಸ್ತ್ರವೂ ಹೇಳಿಲ್ಲ. 

ಕ್ಯಾಲಿಫೋರ್ನಿಯಾ 2012ರಿಂದ ಸಿ.ಟಿ. ವರದಿಯಲ್ಲಿ ಡೋಸ್ ಬರೆಯಲೇಬೇಕೆಂದು ಮಾಡಿದ್ದು ಒಳ್ಳೆಯದೇ, ಅಷ್ಟು ಸಾಲದು. ಆಂಜಿಯೋಗ್ರಾಂ ನೋಡುತ್ತಲೇ ಮಿದುಳಿನ ಉಬ್ಬಿದ ರಕ್ತನಾಳಕ್ಕೆ ತಂತಿಸುರುಳಿ ತುಂಬುವ ಕಾಯಿಲಿಂಗ್‌ನಂಥ ದೀರ್ಘ ಚಿಕಿತ್ಸೆಯಾದ ಮೇಲೂ ಡಿಸ್ಚಾರ್ಜ್ ಚೀಟಿಯಲ್ಲಿ ಚರ್ಮಕ್ಕೆ ಬಿದ್ದದ್ದು ಎಷ್ಟು ಗ್ರೇ, ತಲೆಯ ಯಾವ ಭಾಗಕ್ಕೆ ಎಂದು ಬರೆದಿರಬೇಕು. ಕೂದಲು ಉದುರುವುದು ಎರಡು-ಮೂರು ವಾರಗಳ ನಂತರ. ಆಗ ರೋಗಿ ಹೋಗುವುದು ಊರಿನ ಚರ್ಮವೈದ್ಯರ ಬಳಿಗೆ. ಆಂಜಿಯೋಗ್ರಾಂ ನಡೆದ ವಿಷಯವೇ ಅವರಿಗೆ ಗೊತ್ತಿರುವುದಿಲ್ಲ.